ಅತ್ತೆಯ ಬೆರಳಿಗೆ ಗೆರೆ ಮರಳಿದ ಚಳಿಗಾಲ

ನನ್ನ ಅತ್ತೆ ಸತ್ತಿದ್ದಾರೆಂಬ ಸುದ್ದಿಯನ್ನು ಪೊಲೀಸರು ತಂದಾಗ ಬಾಗಿಲು ತೆಗೆದವರು ಅತ್ತೆಯೇ. ಆಗಷ್ಟೇ ಸಿಂಪಿ ಬಿಡಿಸುವ ಶೆಡ್ಡಿನಿಂದ ಬಂದಿದ್ದರು. ಮೈಮೇಲೆ ರಬ್ಬರಿನ ಮುಂದುಡುಪು ಹಾಗೇ ಇತ್ತು, ತಲೆಗೆ ಕಟ್ಟಿದ್ದ ಹೂವಿನ ವಸ್ತ್ರ ಹಣೆಗೆ ಜಾರಿತ್ತು, ಹೊಸ್ತಿಲೆಲ್ಲ ಉಪ್ಪುನೀರಿನ ವಾಸನೆ. ನಾನು ಒಳಗೆ ಪುಟ್ಟ ಮಗಳು ದಾನ್‌ಬಿಗೆ ಕಡಲಪಾಚಿಯ ಸಾರಿನಲ್ಲಿ ಅನ್ನ ಕಲಸಿ ತಿನ್ನಿಸುತ್ತಿದ್ದೆ.

ಬಂದರಿನ ಠಾಣೆಯವರು ಇಬ್ಬರು. ಹಿರಿಯವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಾಕ್ ಮಾಲ್‌ಸುನ್ ಅವರ ಮನೆ ಇದೇನಾ?"

"ಇದೇ. ಏನಾಗ್ಬೇಕಿತ್ತು?"

"ಹೇಗೆ ಹೇಳೋದು... ಅವರು ಬೂಸಾನ್‌ನಲ್ಲಿ ತೀರಿಕೊಂಡಿದ್ದಾರೆ ಅಮ್ಮಾ. ನೀವು ಅವರಿಗೆ ಏನಾಗ್ಬೇಕು?"

ಅತ್ತೆ ಮುಂದುಡುಪಿಗೆ ಕೈ ಒರೆಸಿಕೊಂಡರು. "ನಾನೇ ಕಣಪ್ಪ ಅವಳು. ಸತ್ತಿದ್ದು ಮೊದಲೇ ಗೊತ್ತಾಗಿದ್ರೆ ಇವತ್ತು ಕೆಲಸಕ್ಕಾದ್ರೂ ಚಕ್ಕರ್ ಹಾಕ್ತಿದ್ದೆ. ಬನ್ನಿ ಒಳಗೆ, ಚಳೀಲಿ ನಿಂತಿದೀರ. ಸತ್ತೋಳ ಕೈಯಿಂದಾನೇ ಒಂದ್ಲೋಟ ಕಾಫಿ ಕುಡಿದು ಹೋಗಿ."

ಕಿರಿಯವನು ನಕ್ಕುಬಿಟ್ಟ. ಹಿರಿಯವನು ನಗಲಿಲ್ಲ. ಬೂಸಾನ್‌ನ ಒಂದು ಬಾಡಿಗೆ ಕೋಣೆಯಲ್ಲಿ ವಯಸ್ಸಾದ ಹೆಂಗಸೊಬ್ಬಳು ತೀರಿಕೊಂಡಿದ್ದಳು. ಹತ್ತಿರ ಗುರುತಿನ ಚೀಟಿ ಇರಲಿಲ್ಲ, ಕೇಳುವವರು ಯಾರೂ ಬರಲಿಲ್ಲ. ಬೆರಳಿನ ಗುರುತು ತೆಗೆದು ಯಂತ್ರಕ್ಕೆ ಕೊಟ್ಟರೆ ಅದು ಹೇಳಿದ್ದು ಅತ್ತೆಯ ಹೆಸರು.

ಬೆರಳು ಎಂಬ ಮಾತು ಬಂದದ್ದೇ ತಡ, ಲೋಟದಲ್ಲಿ ಆಡುತ್ತಿದ್ದ ಅತ್ತೆಯ ಚಮಚ ನಿಂತಿತು. ಅದನ್ನು ನೋಡಿದವಳು ನಾನೊಬ್ಬಳೇ.

ಸಂಜೆ ಸಿಂಪಿ ಬೆಳೆಸುವ ತೆಪ್ಪಗಳ ಕಡೆಯಿಂದ ದೋಣಿಯಲ್ಲಿ ಮರಳಿದ ನನ್ನ ಗಂಡ ಗ್ಯುಸಿಕ್‌ಗೆ ಇದೆಲ್ಲ ತಮಾಷೆಯಾಗಿ ಕಂಡಿತು. "ಅಮ್ಮ, ನಿನ್ನನ್ನ ಯಮ ಹುಡುಕಿಕೊಂಡು ಬಂದಿರ್ತಾನೆ, ನೀನು ಶೆಡ್ಡಲ್ಲಿರ್ತೀಯ ಅಂತ ಗೊತ್ತಾಗದೆ ಬೂಸಾನ್‌ಗೆ ಹೋಗಿದಾನೆ," ಎಂದ. ಅತ್ತೆ ಹುಳಿಬಂದ ಎಲೆಕೋಸಿನ ಕಿಮ್ಚಿಯನ್ನು ಕತ್ತರಿಯಲ್ಲಿ ತುಂಡು ಮಾಡುತ್ತಾ, "ಊಟ ಮಾಡೋ, ಆರಿಹೋಗತ್ತೆ," ಅಂದರು, ಅಷ್ಟೇ. ಬೇರೆ ದಿನವಾಗಿದ್ದರೆ ಅವನಿಗೆ ಎರಡು ಮಾತು ಬೀಳುತ್ತಿತ್ತು.

ನಮ್ಮ ಬಂದರೂರು ತೊಂಗ್ಯಂಗ್‌ನಲ್ಲಿ ಅತ್ತೆಯಂಥ ಹೆಂಗಸರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಗಂಡುಮಗುವಿಗೆ ಕಾದು ಕೂತ ಬೆಸ್ತರ ಮನೆಯಲ್ಲಿ ಹುಟ್ಟಿದವರು. ಇನ್ನು ಹೆಣ್ಣು ಸಾಕು, ಇದೇ ಕೊನೆ ಎಂದು ಅಪ್ಪ ಇಟ್ಟ ಹೆಸರು ಮಾಲ್‌ಸುನ್. ಕೊನೆಯವಳ ಮೇಲೂ ಇನ್ನೊಂದು ಹೆಣ್ಣು ಹುಟ್ಟಿತು. ಆ ಸಿಟ್ಟಿಗೆ ಅದಕ್ಕೆ ತೊಸುನ್ ಎಂದಿಟ್ಟ, ಮತ್ತೊಬ್ಬಳು ಎಂಬ ಅರ್ಥದಲ್ಲಿ. ಅಕ್ಕತಂಗಿಯರು ಬೆಳೆದದ್ದು ಒಂದೇ ಹೊದಿಕೆಯಡಿ. ತೊಸುನಳ ಕೈಕಾಲು ಯಾವಾಗಲೂ ತಣ್ಣಗಿರುತ್ತಿದ್ದವಂತೆ. ಮಲಗುವಾಗ ಅಕ್ಕನ ತೊಡೆಯ ಮಧ್ಯೆ ಕೈ ತೂರಿಸಿಕೊಂಡೇ ನಿದ್ದೆ. ಆಮೇಲೆ ಆ ತಂಗಿ ಬೂಸಾನ್‌ನ ರಬ್ಬರ್ ಷೂ ಕಾರ್ಖಾನೆಗೆ ಹೋದಳು, ಎರಡು ಹಬ್ಬಕ್ಕೆ ಬಂದಳು, ಮೂರನೆಯದಕ್ಕೆ ಬರಲಿಲ್ಲ. ಯಾರದೋ ಜೊತೆ ಓಡಿಹೋದಳೆಂದು ಸುದ್ದಿಯಾಯಿತು. ಅಪ್ಪ ಸರ್ಕಾರದ ಕುಟುಂಬ ದಾಖಲೆಯಲ್ಲಿ ಅವಳ ಹೆಸರು ಹೊಡೆಸಿಹಾಕಿದ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕೇಳಿದ್ದು ಇಷ್ಟೇ, ಅದೂ ತುಂಡು ತುಂಡಾಗಿ. ಹಿರಿಯರಿಗೆ ಎಡೆಯಿಡುವ ದಿನ ಶೆಡ್ಡಿನ ಹೆಂಗಸರು ಯಾರಾದರೂ, "ತಂಗಿಗೂ ಒಂದು ಬಟ್ಟಲು ಇಡಬಾರದಾ, ಎಲ್ಲಿ ಹೋಗಿ ಸತ್ತಳೋ," ಎಂದರೆ ಅತ್ತೆ ಸಿಡಿಯುತ್ತಿದ್ದರು: "ಬದುಕಿರೋರಿಗೆ ಯಾರಾದ್ರೂ ಎಡೆ ಇಡ್ತಾರಾ? ನಿನ್ನ ಗಂಡನಿಗೆ ಇಡು ಹೋಗು."

ಉಳಿದಂತೆ ಅವರ ಬದುಕು ಸಿಂಪಿಯೇ. ಚಳಿಗಾಲ ಹುಟ್ಟಿದಾಗಿನಿಂದ ವಸಂತ ಮುಗಿಯುವವರೆಗೆ ಉದ್ದನೆಯ ಬೆಂಚಿನ ಮುಂದೆ ನಿಂತು, ಗಿಡ್ಡ ಚೂರಿಯಲ್ಲಿ ಚಿಪ್ಪಿನ ಕೀಲು ಹುಡುಕಿ ತಿರುವಿ, ಒಳಗಿನ ಮೆತ್ತನೆಯದನ್ನು ಹರಿಯದಂತೆ ಎತ್ತಿ ಹಾಕುವುದು. ಹುಡುಗಿಯಾಗಿದ್ದಾಗ ಕೈಗವಸು ಹಾಕಿದರೆ ಕೈ ನಿಧಾನವಾಗುತ್ತದೆಂದು ಮೇಸ್ತ್ರಿ ಬಯ್ಯುತ್ತಿದ್ದನಂತೆ. ಚಿಪ್ಪಿನ ಸುಣ್ಣ, ಉಪ್ಪುನೀರು, ಚೂರಿಯ ಹಿಡಿ ಸೇರಿ ಬೆರಳಿನ ತುದಿಗಳನ್ನು ತಿಂದುಹಾಕಿದ್ದವು. ಗ್ಯುಸಿಕ್ ಅವರಿಗೆ ಒಳ್ಳೆಯ ಮೊಬೈಲ್ ಕೊಡಿಸಿದ್ದ. ಬೆರಳಿಟ್ಟರೆ ಅದು ತೆರೆಯುತ್ತಲೇ ಇರಲಿಲ್ಲ. "ಇದಕ್ಕೂ ನನ್ನ ಗುರುತಿಲ್ಲ," ಎಂದು ಅದನ್ನು ದಾನ್‌ಬಿಗೆ ಆಡಲು ಕೊಟ್ಟಿದ್ದರು.

ಜಿಲ್ಲಾ ಠಾಣೆಗೆ ಅತ್ತೆಯ ಜೊತೆ ನಾನೇ ಹೋದೆ. ದಾನ್‌ಬಿಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಬೆರಳಿನ ಗುರುತು ನೋಡುವ ಅಧಿಕಾರಿ ಪ್ಯೊ ಎನ್ನುವವಳು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು, ಮೇಜಿನ ಮೇಲೆ ಮಗನ ಶಾಲೆಯ ಚಿತ್ರ ಅಂಟಿಸಿಕೊಂಡಿದ್ದಳು. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಉಗುರಿನ ಈ ಅಂಚಿನಿಂದ ಆ ಅಂಚಿಗೆ ಹೊರಳಿಸಿ ಒತ್ತಿದಳು. ಕಾಗದದ ಮೇಲೆ ಬಿದ್ದದ್ದು ಕಪ್ಪು ಮಚ್ಚೆಗಳು, ಒಳಗೆ ಏನೂ ಇಲ್ಲ.

"ಸಿಂಪಿ ಕೆಲಸದೋರೆಲ್ಲರದ್ದೂ ಹೀಗೇ ಅಮ್ಮಾ," ಎಂದಳು. ಆಮೇಲೆ ಪರದೆಯ ಮೇಲೆ ಅತ್ತೆಯ ಹೆಸರಿನ ಹಳೆಯ ಬೆರಳಚ್ಚಿನ ಕಾರ್ಡು ತೆಗೆದು ತೋರಿಸಿದಳು. ಪಕ್ಕದಲ್ಲಿ ಬೂಸಾನ್‌ನಿಂದ ಬಂದ ಗುರುತು. "ಇಲ್ಲಿ ನೋಡಿ. ಗೆರೆ ಒಂದು ಕಡೆಯಿಂದ ಬಂದು, ನಡುವೆ ಸ್ವಲ್ಪ ಎದ್ದು, ಆ ಕಡೆ ಇಳಿದುಹೋದ್ರೆ ಅದನ್ನ ಬಿಲ್ಲು ಅಂತೀವಿ. ಹೋಗಿ ಬಂದ ಕಡೆಗೇ ತಿರುಗಿಕೊಂಡ್ರೆ ಗೊರಸು, ಕುದುರೆ ಕಾಲಿನ ಆಕಾರ ಅಲ್ವಾ. ಒಳಗೊಳಗೇ ಸುತ್ತಿಕೊಂಡ್ರೆ ಸುಳಿ. ಇದು ಸುಳಿ. ಎರಡೂ ಕಡೆ ಗೆರೆಗಳು ಮೂರು ದಿಕ್ಕಿನಿಂದ ಬಂದು ಕೂಡೋ ಮೂಲೆ ಇದೆ, ನೋಡಿ. ಗೊರಸಿಗೆ ಅಂಥ ಮೂಲೆ ಒಂದೇ, ಬಿಲ್ಲಿಗೆ ಒಂದೂ ಇರಲ್ಲ."

"ಸುಳಿ ಅಂತೂ ಎಷ್ಟೋ ಜನರಿಗೆ ಇರುತ್ತಲ್ವಾ?" ಎಂದೆ ನಾನು.

"ಇರತ್ತೆ. ಅದಕ್ಕೇ ಅಲ್ಲಿಗೆ ನಿಲ್ಲಿಸಲ್ಲ. ಗೆರೆ ಎಲ್ಲಿ ಕವಲೊಡೀತು, ಎಲ್ಲಿ ಇದ್ದಕ್ಕಿದ್ದಂಗೆ ಮುಗೀತು, ಎಲ್ಲಿ ಒಂದು ಚೂರು ಗೆರೆ ದ್ವೀಪದ ಥರ ಒಂಟಿಯಾಗಿ ನಿಂತಿದೆ, ಅದನ್ನೆಲ್ಲ ಒಂದಕ್ಕೊಂದು ತಾಳೆ ಹಾಕ್ತೀವಿ. ಈ ಎರಡರಲ್ಲೂ ಎಲ್ಲಾ ಕೂಡತ್ತೆ. ಒಬ್ಬರದೇ ಬೆರಳು."

ಅತ್ತೆ ಪರದೆಯ ಹತ್ತಿರ ಬಾಗಿದರು. "ನಮ್ಮ ಕಡಲಿನ ನಕಾಶೆ ಇದ್ದಂಗಿದೆ," ಅಂದರು.

"ಹಳೇ ದಾಖಲೆಯಲ್ಲಿ ತಂಗಿ ಅಂತ ಒಂದು ಹೆಸರಿದೆ ಅಮ್ಮಾ. ಹೊಡೆದುಹಾಕಿದ್ದಾರೆ."

"ಹೊಡೆದುಹಾಕಿದ್ದಾರಲ್ಲ, ಮತ್ತೇನು?"

ಪ್ಯೊ ಅತ್ತೆಯ ಮುಖ ನೋಡಿ ಆ ಪುಟ ಮುಚ್ಚಿದಳು. ಗೆರೆ ಹುಟ್ಟುವುದು ಮೇಲಿನ ಚರ್ಮದಲ್ಲಲ್ಲ, ಅದರಡಿಯದರಲ್ಲಿ, ಕೈಗೆ ಬಿಡುವು ಕೊಟ್ಟರೆ ಹುಟ್ಟಿದಾಗ ಇದ್ದಂತೆಯೇ ಮತ್ತೆ ಮೇಲೆ ಬರುತ್ತದೆ ಎಂದು ವಿವರಿಸಿದಳು. ಬಂದ ಗೆರೆ ಕಾರ್ಡಿನದಕ್ಕೆ ಕೂಡದಿದ್ದರೆ, ಕಾರ್ಡಿಗೆ ಅವತ್ತು ಬೆರಳು ಕೊಟ್ಟವರು ಬೇರೆ ಯಾರೋ. "ಹೊಸವರ್ಷದ ಹಬ್ಬದ ತನಕ ಆ ದೇಹ ಇಟ್ಟುಕೊಳ್ಳಿ ಅಂತ ಕೇಳ್ಕೊಳ್ತೀನಿ. ಅಷ್ಟರೊಳಗೆ ಯಾರೂ ಬರಲಿಲ್ಲ ಅಂದ್ರೆ ನಗರಸಭೆಯೋರು ಹೆಸರಿಲ್ಲದೇ ಸುಟ್ಟುಬಿಡ್ತಾರೆ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತರು. ದಾನ್‌ಬಿ ನನ್ನ ಮಡಿಲಲ್ಲಿ ನಿದ್ದೆಹೋದ ಮೇಲೆ, ಹೊರಗೆ ನೋಡುತ್ತಲೇ ಹೇಳಿದರು.

"ದಾನ್‌ಬಿ ಅಮ್ಮ, ಆ ಕಾರ್ಡಿಗೆ ಬೆರಳು ಒತ್ತಿದ್ದು ನಾನಲ್ಲ ಕಣೇ."

ಅದು ಅತ್ತೆಗೆ ಗುರುತಿನ ಚೀಟಿ ಮಾಡಿಸುವ ವಯಸ್ಸಾದ ಚಳಿಗಾಲ. ಸಿಂಪಿ ತಾಗಿ ಹತ್ತೂ ಬೆರಳು ಬಿರಿದು, ಎರಡಕ್ಕೆ ಕೀವು ತುಂಬಿತ್ತು. ಊರಿಗೆ ಗುಮಾಸ್ತ ಬಂದು ಎಲ್ಲರ ಬೆರಳು ಒತ್ತಿಸಿಕೊಳ್ಳುತ್ತಿದ್ದ. ಶೆಡ್ಡಿನ ಮೇಸ್ತ್ರಿ ಬಿಡಲೊಲ್ಲ. ತೊಸುನ್‌ಗೆ ಇನ್ನೂ ಆ ವಯಸ್ಸಾಗಿರಲಿಲ್ಲ, ಆದರೆ ಮುಖ ಅಕ್ಕನದೇ. ನಾನು ಹೋಗಿಬರ್ತೀನಿ ಎಂದು ಅಕ್ಕನ ಕೋಟು ಹಾಕಿಕೊಂಡು ಹೋದಳು.

"ಸಂಜೆ ಮಸಿ ಮೆತ್ತಿದ ಹತ್ತು ಬೆರಳೂ ನನ್ನ ಮುಖದ ಮುಂದೆ ಹಿಡಿದು ಕುಣಿದಳು. 'ಅಕ್ಕಾ, ಇನ್ಮೇಲೆ ನೀನು ಏನು ಬೇಕಾದ್ರೂ ಕದಿ, ಸಿಕ್ಕಿಬೀಳೋದು ನಾನು' ಅಂತ. ನಾನೂ ನಕ್ಕೆ."

"ಹಾಗಾದ್ರೆ ಬೂಸಾನ್‌ನಲ್ಲಿರೋದು..."

"ಬಾಯಿ ಮುಚ್ಚು. ಗುಮಾಸ್ತ ಕುಡುಕ. ಯಾರ ಕಾರ್ಡಿಗೆ ಯಾರ ಬೆರಳು ಒತ್ತಿಸಿದನೋ, ಯಾರಿಗೆ ಗೊತ್ತು? ನನ್ನ ಬೆರಳು ಬರಲಿ, ಆಮೇಲೆ ಹೇಳು. ಗ್ಯುಸಿಕ್‌ಗೂ ಹೇಳ್ಬೇಡ."

ಅವರ ಲೆಕ್ಕ ನನಗೆ ಅರ್ಥವಾಯಿತು. ಬೆರಳಿಗೆ ಗೆರೆ ಬಂದು ಅದು ಕಾರ್ಡಿಗೆ ಕೂಡದೆ ಹೋದರೆ, ಶವಾಗಾರದ ತಣ್ಣನೆಯ ಕೋಣೆಯಲ್ಲಿ ಮಲಗಿರುವವಳು ತೊಸುನ್. ಗೆರೆ ಬಾರದಿದ್ದರೆ ತೊಸುನ್ ಎಲ್ಲೋ ಇದ್ದಾಳೆ.

ಅತ್ತೆ ಕೆಲಸಕ್ಕೆ ಬರುವುದಿಲ್ಲವೆಂದು ಶೆಡ್ಡಿಗೆ ಹೇಳಿ ಕಳಿಸಿದೆ. ಪಾತ್ರೆ ತೊಳೆಯುವುದು, ಎಲೆಕೋಸಿಗೆ ಉಪ್ಪು ಹಚ್ಚುವುದು, ನೆಲ ಒರೆಸುವುದು, ಎಲ್ಲವನ್ನೂ ಅವರ ಕೈಯಿಂದ ಕಿತ್ತುಕೊಂಡೆ. ಬೆಳಿಗ್ಗೆ ಸಂಜೆ ಕಮೇಲಿಯಾ ಬೀಜದ ಎಣ್ಣೆ ಬೆಚ್ಚಗೆ ಮಾಡಿ ಬೆರಳಿಗೆ ತಿಕ್ಕುತ್ತಿದ್ದೆ, ಮಗುವಿನ ಕಾಲಿಗೆ ತಿಕ್ಕುವಂತೆಯೇ. ಕೆಲಸವಿಲ್ಲದ ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಅಡಿಯಿಂದ ಬಿಸಿ ಮಾಡಿದ ನೆಲದ ಮೇಲೆ ಕೂತು ತೊಡೆಯ ಮೇಲೆ ಅಂಗೈ ಮೇಲೆ ಮಾಡಿಟ್ಟುಕೊಂಡಿರುತ್ತಿದ್ದರು.

"ಸಾಕಮ್ಮ, ಸೊಸೆ ಕೈಲಿ ಇಷ್ಟು ಸೇವೆ ಮಾಡಿಸಿಕೊಂಡ್ರೆ ನಿಜವಾಗ್ಲೂ ಸತ್ತುಹೋಗ್ತೀನಿ," ಅನ್ನುತ್ತಿದ್ದರು.

ಮೊದಲು ಎಡಗೈ ಕಿರುಬೆರಳಿನಲ್ಲಿ ಮಂಜಿನ ಹಾಗೆ ಏನೋ ಕಂಡಿತು. ಆಮೇಲೆ ಉಂಗುರದ ಬೆರಳಿನಲ್ಲಿ ಗೆರೆಗಳು, ಅಂಚಿನಿಂದ ಒಳಕ್ಕೆ. ದಾನ್‌ಬಿ ಅಜ್ಜಿಯ ಬೆರಳಿಗೆ ತನ್ನ ಬಣ್ಣದ ಪೆನ್ನು ಬಳಿದು ಗೋಡೆಗೆ ಒತ್ತಿಸಿ ಕೇಕೆ ಹಾಕುವಳು. ನಾನೂ ಖುಷಿಪಟ್ಟೆ, ಆಮೇಲೆ ಖುಷಿಪಟ್ಟದ್ದಕ್ಕೆ ನಾಚಿದೆ.

ಆದರೆ ಕೆಲವು ದಿನಗಳ ಮೇಲೆ ಬಂದ ಗೆರೆ ಮತ್ತೆ ಅಳಿಸಿಹೋಗತೊಡಗಿತು. ಎಣ್ಣೆ ಸಾಲದೇನೋ ಎಂದುಕೊಂಡು ಇನ್ನೂ ಹೆಚ್ಚು ಹಚ್ಚಿದೆ. ಬಲಗೈ ಹೆಬ್ಬೆರಳು ಕೆಂಪಗೆ ಹೊಳೆಯುತ್ತಿತ್ತು. ಕೇಳಿದರೆ, "ಬಿಸಿ ಪಾತ್ರೆ ಮುಟ್ಟಿಬಿಟ್ಟೆ," ಎಂದರು.

ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದೆ. ಸೋಯಾ ರಸ ಹುದುಗಿಸುವ ಜಾಡಿಗಳ ಹಿಂದೆ ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಒಂದು ಬಟ್ಟಲು ನೀರು. ಕೈಯಲ್ಲಿ ಸಿಂಪಿಯ ಹಳೇ ಚಿಪ್ಪು. ಅದರ ಒರಟು ಬೆನ್ನಿಗೆ ಹೆಬ್ಬೆರಳನ್ನು ಉಜ್ಜುತ್ತಿದ್ದರು, ನಿಧಾನವಾಗಿ, ಕೆಲಸ ಮಾಡುವ ಹಾಗೆ.

"ಅತ್ತೆ! ಏನು ಮಾಡ್ತಿದೀರ?"

ಅವರು ತಲೆಯೆತ್ತಲಿಲ್ಲ. "ಕಂಡ್ಯಲ್ಲ. ಮಾಡ್ತಿದೀನಿ."

"ನಾನು ದಿನಾ ಎಣ್ಣೆ ಹಚ್ಚೋದು, ನೀವು ಇಲ್ಲಿ ಬಂದು..."

"ನೀನು ಹಚ್ಚು, ಬೇಡ ಅಂದ್ನಾ? ನಾನು ಉಜ್ಜಿಕೊಳ್ತೀನಿ. ಹಬ್ಬ ಕಳೆದುಹೋಗಲಿ. ಈ ಬೆರಳು ಖಾಲಿ ಇರೋ ತನಕ ಅವಳು ಎಲ್ಲೋ ಯಾರದೋ ಅಡಿಗೆಮನೇಲಿ ಈರುಳ್ಳಿ ಹೆಚ್ಚುತ್ತಾ ಇದ್ದಾಳೆ."

ನನಗೆ ಸಿಟ್ಟು ಬಂತು. ಯೋಚಿಸಿ ಆಡಿದ ಮಾತಲ್ಲ ಅದು. ತೆಗೆದ ಬಟ್ಟೆ ತೋಳ ಮೇಲಿತ್ತು, ಒಳಗೆ ಮಗು ಅಳುತ್ತಿತ್ತು. "ಈರುಳ್ಳಿ ಹೆಚ್ಚುತ್ತಿಲ್ಲ ಅತ್ತೆ. ಬೂಸಾನ್‌ನಲ್ಲಿ ಕಬ್ಬಿಣದ ಪೆಟ್ಟಿಗೇಲಿ ಮಲಗಿದಾರೆ. ನಿಮ್ಮ ಹೆಸರಿನಲ್ಲಿ. ಹಬ್ಬ ಕಳೀತು ಅಂದ್ರೆ ಆ ಹೆಸರೂ ಇರಲ್ಲ. ಅವರ ಕೈ ಮೊದಲೇ ತಣ್ಣಗೆ ಅಂತಿದ್ರಿ, ಅಲ್ಲಿ ಎಷ್ಟು ತಣ್ಣಗಿರಬೇಡ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆಯ ಕೈಯಿಂದ ಚಿಪ್ಪು ಜಾರಿ ಬಟ್ಟಲಿಗೆ ಬಿತ್ತು. ಅವರು ಅಳಲಿಲ್ಲ. ಎರಡು ಕೈಗಳನ್ನೂ ತೊಡೆಗಳ ಮಧ್ಯೆ ಒತ್ತಿ ಹಿಡಿದುಕೊಂಡರು. ನಾನು ಮಗುವನ್ನು ಎತ್ತಿಕೊಂಡು ಬರುವಷ್ಟರಲ್ಲಿ ಒಳಗೆ ಬಂದು, ಎಣ್ಣೆಯ ಬಾಟಲಿಯ ಪಕ್ಕ ಕೂತು ಕೈ ಚಾಚಿದ್ದರು.

"ಹಚ್ಚು," ಅಂದರು.

ಆಮೇಲೆ ಅವರು ಏನನ್ನೂ ಮುಟ್ಟಲಿಲ್ಲ. ಅನ್ನ ಕೂಡ ನಾನೇ ಕಲಸಿ ಕೊಟ್ಟೆ ಒಮ್ಮೊಮ್ಮೆ. ಹಬ್ಬ ಇನ್ನೇನು ಬಂತೆನ್ನುವಾಗ ಪ್ಯೊಳ ಮೇಜಿನ ಮುಂದೆ ಮತ್ತೆ ಕೂತೆವು. ಈ ಸಲ ಹೆಬ್ಬೆರಳು ಹೊರಳಿಸಿ ಎತ್ತಿದಾಗ ಕಾಗದದ ಮೇಲೆ ಗೆರೆಗಳಿದ್ದವು. ತೆಳುವಾಗಿ, ಅಲ್ಲಲ್ಲಿ ಹರಿದು, ಆದರೆ ಇದ್ದವು. ಒಂದು ಕಡೆಯಿಂದ ಬಂದು, ನಡುವೆ ಸ್ವಲ್ಪ ಎದ್ದು, ಆ ಕಡೆ ಇಳಿದುಹೋಗಿದ್ದವು.

ಪ್ಯೊ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು. "ಬಿಲ್ಲು, ಅಲ್ವಾ?"

"ಹೌದಮ್ಮಾ. ಕಾರ್ಡಿನಲ್ಲಿ ಈ ಬೆರಳಿಗೆ ಸುಳಿ ಇದೆ. ಕವಲು, ದ್ವೀಪ ಅಂತೆಲ್ಲ ಎಣಿಸೋದೇ ಬೇಡ. ಕಾರ್ಡಿನದು ನಿಮ್ಮ ಬೆರಳಲ್ಲ."

"ನನ್ನ ತಂಗಿದು," ಅಂದರು ಅತ್ತೆ. "ತಾಕ್ ತೊಸುನ್. ಬರಕೊಳ್ಳಿ."

ರಕ್ತದ ಪರೀಕ್ಷೆಯೂ ಆಯಿತು, ಅದೂ ಅದನ್ನೇ ಹೇಳಿತು. ದಾಖಲೆಯ ಕಚೇರಿಯಲ್ಲಿ ಇನ್ನೊಂದು ತೊಡಕು. ಹೊಡೆದುಹಾಕಿದ ಹೆಸರಿನವಳು ಸತ್ತಳೆಂದು ಬರೆಯಲು ಬರುವುದಿಲ್ಲವಂತೆ, ಮೊದಲು ಅವಳು ಇದ್ದಾಳೆಂದು ಬರೆಯಬೇಕು. ಹಾಗಾಗಿ ಒಂದು ಮಧ್ಯಾಹ್ನದ ಮಟ್ಟಿಗೆ ತೊಸುನ್ ಕಾಗದದ ಮೇಲೆ ಬದುಕಿ ಬಂದಳು. ಅತ್ತೆ ಆ ಕಾಗದ ಕೇಳಿ ಪಡೆದು, ಅಕ್ಕನ ಹೆಸರಿನ ಕೆಳಗೆ ತಂಗಿಯ ಹೆಸರು ಇರುವುದನ್ನು ಬೆರಳಿನಿಂದ ಮುಟ್ಟಿ ನೋಡಿ, ಸಾವು ಬರೆಸುವ ಮುಂದಿನ ಕಿಟಕಿಗೆ ಹೋಗಿ ಕೊಟ್ಟರು.

ತೊಸುನಳನ್ನು ಕರೆತರಲು ಬೂಸಾನ್‌ಗೆ ಹೋದೆವು. ಅಲ್ಲಿ ಅವಳಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ ಬಾಯಿ ಜೋರಿನವಳು, ಆದರೆ ಒಳ್ಳೆಯವಳು. ತೊಸುನ್ ಮೀನಿನ ಹೋಟೆಲುಗಳಲ್ಲಿ ಪಾತ್ರೆ ತೊಳೆದು ಬದುಕಿದ್ದಳಂತೆ. ಗುರುತಿನ ಚೀಟಿ ಇಲ್ಲದ್ದಕ್ಕೆ ಎಲ್ಲೂ ಕಾಯಂ ಆಗಿ ಇಟ್ಟುಕೊಳ್ಳುತ್ತಿರಲಿಲ್ಲ, ಆಸ್ಪತ್ರೆಗೂ ಹೋಗುತ್ತಿರಲಿಲ್ಲ.

"ಎಷ್ಟು ಸಲ ಬಡ್ಕೊಂಡೆ, ನಡಿ, ಹೊಸದಾಗಿ ಮಾಡಿಸಿಕೊಡ್ತೀನಿ ಅಂತ. ಅಲ್ಲಿ ಬೆರಳು ಕೊಡಬೇಕಲ್ವಾ ಅಂತಿದ್ಲು. ಹೂಂ ಕೊಡ್ಬೇಕು, ಅದಕ್ಕೇನೇ ಅಂದ್ರೆ ಕೈ ಬೆನ್ನ ಹಿಂದೆ ಇಟ್ಕೊಂಡು ಬಿಡ್ತಿದ್ಲು. ನಾನು ಕೊಟ್ರೆ ನನ್ನ ಅಕ್ಕ ಸಿಕ್ಕಿಬೀಳ್ತಾಳೆ ಅಂತಿದ್ಲು. ಕಳ್ಳಿ ಏನೇ ನಿನ್ನಕ್ಕ ಅಂತ ಕೇಳಿದ್ದೆ ನಾನು."

ಅತ್ತೆ ಬಗ್ಗಿ, ಮುದುಕಿ ಕೊಟ್ಟ ತಂಗಿಯ ಸಾಮಾನು ಕಟ್ಟತೊಡಗಿದರು.

ಮರಳಿ ಬಂದ ಮೇಲೆ, ಅತ್ತೆಯ ಹೊಸ ಕಾರ್ಡಿಗೆ ಹತ್ತು ಬೆರಳು ಒತ್ತಿಸಿಕೊಳ್ಳುವಾಗ, ಅವರು ಇದನ್ನು ಪ್ಯೊಳಿಗೆ ಹೇಳಿ ಕೇಳಿದರು: "ಅವಳು ಬೆರಳು ಕೊಟ್ಟಿದ್ರೆ ನನ್ನನ್ನ ಹಿಡೀತಿದ್ರಾ?"

ಪ್ಯೊಗೆ ಸುಳ್ಳು ಹೇಳಲು ಬರಲಿಲ್ಲ. "ಆಗೆಲ್ಲ ಬರೀ ಕಾಗದ ಅಮ್ಮಾ. ಊರೂರಿಂದ ಮೂಟೆಗಟ್ಟಲೆ ಬರ್ತಿತ್ತು. ಯಾರೂ ತಾಳೆ ಹಾಕ್ತಿರಲಿಲ್ಲ. ಅವರು ಬಂದು ಒತ್ತಿ ಹೋಗಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ."

ಅತ್ತೆ ಮಸಿಯ ಬೆರಳುಗಳನ್ನು ಒರೆಸಿಕೊಂಡರು, ಒಂದೊಂದಾಗಿ, ಉಗುರಿನ ಸಂದಿಯನ್ನೂ ಬಿಡದೆ. ಮನೆಯಲ್ಲಿ ಗ್ಯುಸಿಕ್ ಒಂದು ಸಲ, "ಚಿಕ್ಕಮ್ಮ ಒಂದು ಫೋನಾದ್ರೂ ಮಾಡಬಹುದಿತ್ತು," ಎಂದ. ಅತ್ತೆ ಅವನ ತಟ್ಟೆಗೆ ಮೀನು ಬಡಿಸಿ ಎದ್ದುಹೋದರು.

ತೊಸುನ್ ಸತ್ತ ದಿನ ಯಾವುದೆಂದು ಯಾರಿಗೂ ಖಚಿತವಿಲ್ಲ. ಮುದುಕಿ ಬಾಗಿಲು ಒಡೆಸಿದಾಗ ಎಷ್ಟು ಹೊತ್ತಾಗಿತ್ತೋ. ದಿನ ಗೊತ್ತಿಲ್ಲದವರಿಗೆ ಒಂಬತ್ತನೇ ತಿಂಗಳ ಒಂಬತ್ತರಂದು ಎಡೆಯಿಡುವುದು ನಮ್ಮಲ್ಲಿ ರೂಢಿ. ಈ ಶರತ್ಕಾಲ ಅತ್ತೆ ಮೊದಲ ಸಲ ಆ ಬಟ್ಟಲು ಇಟ್ಟರು. ಅನ್ನದಲ್ಲಿ ಚಮಚ ನೆಟ್ಟಗೆ ಸಿಗಿಸಿ, ಸಾರನ್ನು ಎರಡು ಸಲ ಬಿಸಿ ಮಾಡಿ ತಂದರು. ಆರಿದ್ದು ಅವಳಿಗೆ ಆಗುವುದಿಲ್ಲವೆಂದರು.

ಮುದುಕಿ ಕೊಟ್ಟ ಸಾಮಾನಿನಲ್ಲಿ ಒಂದು ಕೈಗನ್ನಡಿ ಇತ್ತು. ತಂದ ದಿನವೇ ನಾನು ಅದನ್ನು ಒರೆಸಲು ಒದ್ದೆ ಬಟ್ಟೆ ತೆಗೆದುಕೊಂಡಿದ್ದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ, ಕಿಟಕಿಯ ಬೆಳಕಿಗೆ ಅದನ್ನು ಓರೆಯಾಗಿ ಹಿಡಿದು ತೋರಿಸಿದರು. ಅಂಚಿನ ಹತ್ತಿರ ಜಿಡ್ಡಿನ ಒಂದು ಮಸುಕು, ಅದರೊಳಗೆ ಸುಳಿ.

ಚಳಿ ಶುರುವಾಗಿ ಶೆಡ್ಡು ತೆರೆದಿದೆ. ಬೇಡವೆಂದರೂ ಹೋಗುತ್ತಾರೆ, ನಾನೂ ಹೆಚ್ಚು ಒತ್ತಾಯಿಸುವುದಿಲ್ಲ. ಬೇಸಿಗೆಯಿಡೀ ಇದ್ದ ಬಿಲ್ಲು ಹೆಬ್ಬೆರಳಿನಿಂದ ಅಳಿಸಿಹೋಗಿದೆ. ಸಂಜೆ ಕೈ ತೊಳೆದು ಬಂದು ಪೆಟ್ಟಿಗೆಯಿಂದ ಕನ್ನಡಿ ತೆಗೆದು, ಸುಳಿಯಿರುವ ಅಂಚನ್ನು ತಪ್ಪಿಸಿ ಹಿಡಿದು ನೋಡುತ್ತಾರೆ, ಮತ್ತೆ ಬಟ್ಟೆ ಸುತ್ತಿ ಇಡುತ್ತಾರೆ. ಈ ಚಳಿಗಾಲ ಎಷ್ಟು ಸಲ ಹಿಡಿದರೂ ಅದರ ಮೇಲೆ ಅವರ ಬೆರಳಿನ ಗೆರೆ ಒಂದೂ ಬಿದ್ದಿಲ್ಲ.